ಒಂದೇ ಹೆಸರಿನ ಹಲವು ಪಾಠಗಳು

ಹೆಸರು ಒಂದೇ ಆಗಿದ್ದರೆ ವಸ್ತುವೂ ಒಂದೇ ಎಂದು ನಂಬುವುದು ಲೋಕರೂಢಿ. ಹಸ್ತಪ್ರತಿಗಳ ನಡುವೆ ಆಯುಷ್ಯದ ಬಹುಭಾಗವನ್ನು ಕಳೆದ ನಮ್ಮಂಥವರಿಗೆ ಈ ನಂಬಿಕೆ ಎಷ್ಟು ಅಪಾಯಕರವೆಂಬುದು ಅನುಭವದಿಂದ ತಿಳಿದ ಸಂಗತಿ. 'ಶೂನ್ಯಸಂಪಾದನೆ' ಎಂದೊಡನೆ ಸಾಮಾನ್ಯ ಓದುಗರ ಕಣ್ಣಮುಂದೆ ಒಂದೇ ಗ್ರಂಥ ನಿಲ್ಲುತ್ತದೆ. ಆದರೆ ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಈ ನಾಲ್ವರು ಸಂಕಲಿಸಿದ ನಾಲ್ಕು ಶೂನ್ಯಸಂಪಾದನೆಗಳು ನಮ್ಮ ಮುಂದಿವೆ. ನಾಲ್ಕಕ್ಕೂ ಅಲ್ಲಮಪ್ರಭುವೇ ಕೇಂದ್ರ, ಅನುಭವ ಮಂಟಪವೇ ರಂಗಸ್ಥಳ. ಆದರೂ ಒಂದರ ಗರಿಯನ್ನು ಇನ್ನೊಂದರ ಕಟ್ಟಿನಲ್ಲಿ ಸೇರಿಸಿದರೆ ಸಂವಾದದ ಓಟವೇ ಕೆಟ್ಟುಹೋಗುತ್ತದೆ. ಆದುದರಿಂದ ಗರಿಯನ್ನು ಓದುವ ಮುನ್ನ ಅದು ಯಾವ ಕಟ್ಟಿನದು ಎಂದು ನಿರ್ಣಯಿಸುವುದು ಗ್ರಂಥಸಂಪಾದಕನ ಮೊದಲ ಕೆಲಸ.

ಇದೇ ಮಾತು ಹಳೆಯ ಮೋಟಾರು ಗಾಡಿಯ ಇಂಜಿನ್ನಿಗೂ ಅನ್ವಯಿಸುತ್ತದೆ ಎಂದರೆ ಓದುಗ ಬಂಧುಗಳು ನಕ್ಕಾರು. ತಾಳೆಗರಿ ಹಿಡಿಯುವ ಕೈಗೆ ಎಣ್ಣೆ ಜಿಡ್ಡಿನ ಸಹವಾಸವೇಕೆ ಎಂದು ಕೇಳಿದವರೂ ಉಂಟು. ಆದರೆ ನಮ್ಮ ಸಮಾಜದ ಅನೇಕ ಮನೆಗಳ ಹಿತ್ತಲ ಛಾವಣಿಯ ಕೆಳಗೆ, ಅನೇಕ ಮಠಗಳ ದಾಸೋಹದ ಮನೆಯ ಪಕ್ಕದಲ್ಲಿ, ಹಿರಿಯರು ಓಡಿಸಿದ ಅಂಬಾಸಿಡರ್, ಪದ್ಮಿನಿ, ಜೀಪು ಇವುಗಳಲ್ಲಿ ಒಂದಾದರೂ ಇಂದಿಗೂ ನಿಂತಿರುತ್ತದೆ. ಅದನ್ನು ಗುಜರಿಗೆ ಹಾಕಲು ಮನಸ್ಸಿಲ್ಲ. ಓಡಿಸೋಣವೆಂದರೆ ನಾಲ್ಕು ಹರದಾರಿ ಹೋಗುವಷ್ಟರಲ್ಲಿ ಮುಂದಿನ ಬಾನೆಟ್ಟಿನಿಂದ ಹೊಗೆಯಂತೆ ಆವಿ ಏಳುತ್ತದೆ. ಆಗ ಮನೆಯವರ ಸಿಟ್ಟೆಲ್ಲ ಗ್ಯಾರೇಜಿನ ಮಿಸ್ತ್ರಿಯ ಮೇಲೆ ತಿರುಗುತ್ತದೆ. ಹೀಗೆ ಒಬ್ಬ ಬಡ ಕಾಯಕಜೀವಿಯ ಮರ್ಯಾದೆ ತೂಗುಯ್ಯಾಲೆಯಲ್ಲಿ ನಿಂತ ಸಂದರ್ಭವೊಂದು ನಮ್ಮನ್ನು ಈ ವಿಷಯಕ್ಕೆ ಎಳೆದು ತಂದಿತು.

ಮೊದಲು ವಿಷಯದ ಬೇರನ್ನು ತಿಳಿಯೋಣ. ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಗಾಲಿಯನ್ನು ತಿರುಗಿಸಲು ಒದಗುವುದು ಹಳೆಯ ಇಂಜಿನ್ನುಗಳಲ್ಲಿ ಕಾಲುಭಾಗದ ಆಸುಪಾಸು ಮಾತ್ರ. ಸರಿಸುಮಾರು ಅಷ್ಟೇ ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ಇಂಜಿನ್ನಿನ ಗೋಡೆಗಳ ಸುತ್ತ ಹರಿಯುವ ನೀರಿನ ಮೂಲಕ ಹೊರಬೀಳಬೇಕು. ಉಳಿದುದು ಹೊಗೆಯ ಕೊಳವೆಯಿಂದ ಹೋಗುತ್ತದೆ. ನೀರಿನ ದಾರಿ ಮುಚ್ಚಿದರೆ ಕಬ್ಬಿಣವೂ ಸೊಟ್ಟಗಾಗುತ್ತದೆ. ಆರಂಭಕಾಲದ ಕೆಲವು ಗಾಡಿಗಳಲ್ಲಿ ಪಂಪೇ ಇರಲಿಲ್ಲ. ಅಮೆರಿಕದ ಫೋರ್ಡ್ ಕಂಪನಿ 1908ರಿಂದ 1927ರವರೆಗೆ ತಯಾರಿಸಿದ ಮಾಡೆಲ್ ಟಿ ಕಾರಿನಲ್ಲಿ, ಮೊದಮೊದಲ ಕೆಲವು ಸಾವಿರ ಗಾಡಿಗಳನ್ನು ಬಿಟ್ಟರೆ, ಕಾದ ನೀರು ಹಗುರಾಗಿ ತಾನೇ ಮೇಲೇರಿ, ರೇಡಿಯೇಟರಿನಲ್ಲಿ ತಣಿದು, ಭಾರವಾಗಿ ಕೆಳಗಿಳಿಯುವ ಸಹಜಗತಿಯನ್ನೇ ನೆಚ್ಚಿಕೊಂಡಿದ್ದರು. ಇಂಜಿನ್ನಿನ ಬಲ ಹೆಚ್ಚಿದಂತೆ ಆ ಸಹಜಗತಿ ಸಾಲದಾಯಿತು. ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ ಎಂಬ ಶಿಲ್ಪಿ 1900ರಲ್ಲಿ ಮರ್ಸಿಡಿಸ್ ಗಾಡಿಗಾಗಿ ರೂಪಿಸಿದ ರೇಡಿಯೇಟರಿನಲ್ಲಿ 6 ಮಿಲಿಮೀಟರ್ ಚೌಕದ 8070 ಸಣ್ಣ ಕೊಳವೆಗಳನ್ನು ಜೇನುಗೂಡಿನಂತೆ ಜೋಡಿಸಿದ್ದನು. ಪಂಪು, ಫ್ಯಾನು, ಶಾಖವನ್ನು ನೋಡಿ ಬಾಗಿಲು ತೆರೆಯುವ ಥರ್ಮೋಸ್ಟಾಟ್, ಒತ್ತಡ ಹಿಡಿಯುವ ಮುಚ್ಚಳ ಇವೆಲ್ಲ ಒಂದೊಂದಾಗಿ ಬಂದು ಸೇರಿದವು. ಒಂದೊಂದು ಸೇರಿದಾಗಲೂ ಒಂದೊಂದು ಪಾಠಾಂತರ ಹುಟ್ಟಿತು.

ನಮ್ಮ ನಾಡಿಗೆ ಚಿರಪರಿಚಿತವಾದ ಅಂಬಾಸಿಡರನ್ನೇ ನೋಡಿ. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಗಾಡಿಯ ಅಚ್ಚಿನಲ್ಲಿ ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಇದನ್ನು 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ ತಯಾರಿಸಿತು. ಮೈಕಟ್ಟು ಹೆಚ್ಚುಕಡಿಮೆ ಒಂದೇ. ಆದರೆ ಒಳಗಿನ ಹೃದಯ ನಾಲ್ಕಾರು ಬಾರಿ ಬದಲಾಯಿತು. ಆರಂಭದಲ್ಲಿ ಪಕ್ಕದ ವಾಲ್ವುಗಳ 1476 ಸಿ.ಸಿ. ಇಂಜಿನ್ನು, ಆಮೇಲೆ ದೀರ್ಘಕಾಲ ನಡೆದ, ಮೇಲ್ಗಡೆ ವಾಲ್ವುಗಳಿರುವ 1489 ಸಿ.ಸಿ. ಪೆಟ್ರೋಲ್ ಇಂಜಿನ್ನು, 1980ರ ಸುಮಾರಿಗೆ ಅದೇ ಅಳತೆಯ ಡೀಸೆಲ್ ಇಂಜಿನ್ನು, 1990ರ ದಶಕದಲ್ಲಿ ಜಪಾನಿನ ಇಸುಜು ಮೂಲದ 1817 ಸಿ.ಸಿ. ಪೆಟ್ರೋಲ್ ಇಂಜಿನ್ನು. ಆದುದರಿಂದ ಅಂಗಡಿಗೆ ಹೋಗಿ 'ಅಂಬಾಸಿಡರ್ ವಾಟರ್ ಪಂಪು ಕೊಡಿ' ಎಂದು ಕೇಳುವುದು, ಗ್ರಂಥಭಂಡಾರಕ್ಕೆ ಹೋಗಿ 'ಶೂನ್ಯಸಂಪಾದನೆ ಕೊಡಿ' ಎಂದಷ್ಟೇ ಕೇಳಿದಂತೆ. ಯಾವುದು ಎಂಬ ಮರುಪ್ರಶ್ನೆ ಬರದಿದ್ದರೆ, ಕೊಡುವವನಿಗೂ ವ್ಯತ್ಯಾಸ ಗೊತ್ತಿಲ್ಲವೆಂದೇ ಅರ್ಥ.

1489 ಸಿ.ಸಿ. ಇಂಜಿನ್ನಿನ ವಂಶವೂ ದೊಡ್ಡದು. ಬ್ರಿಟನ್ನಿನಲ್ಲಿ ಬಿ.ಎಂ.ಸಿ. ಸಂಸ್ಥೆ 'ಬಿ' ಶ್ರೇಣಿ ಎಂದು ಕರೆದ ಈ ಕುಲದಲ್ಲಿ 1489, 1588, 1622, 1798 ಸಿ.ಸಿ. ಎಂಬ ಅಣ್ಣತಮ್ಮಂದಿರಿದ್ದಾರೆ. ಎಂ.ಜಿ. ಸ್ಪೋರ್ಟ್ಸ್ ಕಾರುಗಳಲ್ಲಿಯೂ ಇದೇ ಕುಲದ ಇಂಜಿನ್ನುಗಳು ಓಡಿದವು. ಅಲ್ಲಿನ ಇಂಜಿನ್ ಸಂಖ್ಯೆಗಳನ್ನು ಓದಲು ಬಲ್ಲವರಿಗೆ ಅದೊಂದು ಅಂಕಿತವಿದ್ದಂತೆ: ಎಂ.ಜಿ.ಎ. ಗಾಡಿಯ ಸಂಖ್ಯೆ 15 ಎಂದು ಆರಂಭವಾದರೆ ಅದು 1500ರ ವರ್ಗದ ಇಂಜಿನ್ನು. ಮುಂದಿನ 'ಜಿ' ಎಂ.ಜಿ. ಗಾಡಿಯ ಗುರುತು; ಕೊನೆಯಲ್ಲಿ ಬರುವ 'ಎಚ್' ಅಥವಾ 'ಎಲ್' ಅಕ್ಷರವು ಒಳಗಿನ ಒತ್ತಡದ ಪ್ರಮಾಣ ಹೆಚ್ಚೋ ಕಡಿಮೆಯೋ ಎಂಬುದನ್ನು ಹೇಳುತ್ತದೆ. ಗುಹೇಶ್ವರ ಎಂಬ ಅಂಕಿತ ಕಂಡಾಗ ಅಲ್ಲಮನನ್ನೂ, ಚೆನ್ನಮಲ್ಲಿಕಾರ್ಜುನ ಎಂಬುದು ಕಂಡಾಗ ಅಕ್ಕನನ್ನೂ ನಾವು ಗುರುತಿಸುವುದಿಲ್ಲವೇ? ಆದರೆ ಅಂಕಿತವೊಂದನ್ನೇ ನೆಚ್ಚಿ ಕರ್ತೃತ್ವ ನಿರ್ಣಯಿಸಿದರೆ ಮೋಸ ಹೋಗುವ ಸಂಭವವಿದೆ. ಭಾಷೆ, ಶೈಲಿ, ಪ್ರತಿಯ ಪರಂಪರೆ ಎಲ್ಲವನ್ನೂ ಕೂಡಿಸಿ ನೋಡಬೇಕು. ಗಾಡಿಯ ವಿಷಯದಲ್ಲಿಯೂ ಅಷ್ಟೇ. ಅರವತ್ತು ವರ್ಷದ ಗಾಡಿಯ ಇಂಜಿನ್ನು ಎಂದೋ ಬದಲಾಗಿರಬಹುದು. ಇಂಜಿನ್ನು ಮೂಲದ್ದೇ ಇದ್ದು ಅದರ ಅಂಗಗಳು ಬದಲಾಗಿರಬಹುದು.

ಇನ್ನು ಪ್ರಸಂಗಕ್ಕೆ ಬರುತ್ತೇವೆ. ನಾವು ಬಾಲ್ಯದಲ್ಲಿ ವಿದ್ಯೆ ಕಲಿತ ಮಠಕ್ಕೆ ಭಕ್ತರೊಬ್ಬರ ಕುಟುಂಬ 1978ರಲ್ಲಿ ಒಂದು ಅಂಬಾಸಿಡರನ್ನು ಒಪ್ಪಿಸಿತ್ತು. ಹಿರಿಯ ಶ್ರೀಗಳು ಅದರಲ್ಲಿಯೇ ಹಳ್ಳಿಹಳ್ಳಿಗೆ ಧರ್ಮಸಂಚಾರ ಮಾಡಿದರು. ಅವರು ಲಿಂಗೈಕ್ಯರಾದ ಮೇಲೆ ಗಾಡಿ ಮೂಲೆ ಸೇರಿತು. ಕೆಲವು ವರ್ಷಗಳ ಹಿಂದೆ ಶ್ರೀಗಳ ಸ್ಮರಣೋತ್ಸವಕ್ಕೆ ಅದನ್ನು ಮತ್ತೆ ನಡೆಸಬೇಕೆಂದು ಭಕ್ತಮಂಡಳಿ ನಿಶ್ಚಯಿಸಿ, ಊರಿನ ಹಳೆಯ ಮಿಸ್ತ್ರಿಯೊಬ್ಬರಿಗೆ ಕೆಲಸ ಒಪ್ಪಿಸಿತು. ವಾಟರ್ ಪಂಪು ಸೋರುತ್ತಿತ್ತು. ಅವರು ಹೊಸ ಪಂಪು ಕೂಡಿಸಿದರು. ಹರಕು ರಬ್ಬರಿನ ರೇಡಿಯೇಟರ್ ಮುಚ್ಚಳವನ್ನೂ ಬದಲಿಸಿದರು. ಗಾಡಿ ಹತ್ತು ಮೈಲು ಹೋಗಿ ಕುದಿಯಿತು. ಎರಡನೆಯ ಪಂಪು ತಂದು ಹಾಕಿದರು. ಮತ್ತೂ ಕುದಿಯಿತು. ಮಂಡಳಿಯ ಕೆಲವರು, ಮಿಸ್ತ್ರಿ ಅಂಗಡಿಯವನೊಡನೆ ಶಾಮೀಲಾಗಿ ಮಠದ ಹಣ ತಿಂದನೆಂದು ಮಾತನಾಡತೊಡಗಿದರು. ಕೂಲಿ ಕೊಡುವುದು ಬೇಡ, ಗಾಡಿಯನ್ನು ಗುಜರಿಗೆ ಮಾರಿ ಕೈತೊಳೆದುಕೊಳ್ಳೋಣ ಎಂಬ ಠರಾವು ಸಭೆಯ ಮುಂದೆ ಬರುವ ಹಂತಕ್ಕೆ ಬಂತು. ಹಳೆಯ ಲೆಕ್ಕಪತ್ರಗಳನ್ನು ಓದಬಲ್ಲವರೆಂದು ನಮಗೆ ವಿಚಾರಿಸಿ ಹೇಳಲು ಕರೆ ಬಂದಿತು.

ನಾವು ಗ್ಯಾರೇಜಿಗೆ ಹೋದಾಗ ಆ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ ನಿಂತು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಶಾಸ್ತ್ರಿಗಳ, ನಲವತ್ತು ವರ್ಷ ಆತ್ರಿ ಈ ಕೆಲಸ ಹಿಡದು. ನೀರು ಯಾಕ ಕುದೀತದ ಅನ್ನೋದು ನನಗೂ ತಿಳೀವಲ್ದು. ಆದ್ರ ಮಠದ ರೊಕ್ಕ ತಿಂದು ಮಕ್ಕಳನ್ನ ಸಾಕೋ ಮನಶ್ಯಾ ನಾ ಅಲ್ರಿ." ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಇಂಥವರ ಕಾಯಕದ ಮೇಲೆ ನಿಂತ ಪರಂಪರೆ ನಮ್ಮದು. ಕೈಯಲ್ಲಿ ಕೆಲಸ ಉಳ್ಳವನನ್ನು ಪುರಾವೆಯಿಲ್ಲದೆ ಕಳ್ಳನೆನ್ನುವುದು ಆ ಪರಂಪರೆಗೆ ಒಪ್ಪುವ ಮಾತಲ್ಲ. ಹೀಗೆಂದು ನಾವು ಅವರ ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆಯ ಮೇಲೆ ಕುಳಿತು, ಒಂದೊಂದೇ ಭಾಗವನ್ನು ಗ್ರಂಥದ ಗರಿಯಂತೆ ನೋಡಲು ಆರಂಭಿಸಿದೆವು. ಆ ಹತ್ತು ದಿನಗಳಲ್ಲಿ ಅವರೇ ಗುರು, ನಾವೇ ಶಿಷ್ಯರು.

ಮೊದಲನೆಯದು ಪಂಪು. ಮಠದ ಮೂಲ ಪಂಪು, ಮೊದಲು ತಂದ ಹೊಸ ಪಂಪು, ಎರಡನೆಯ ಹೊಸ ಪಂಪು ಮೂರನ್ನೂ ಹಲಗೆಯ ಮೇಲೆ ಸಾಲಾಗಿ ಇರಿಸಿದೆವು. ಕಣ್ಣಿಗೆ ಮೂರೂ ಒಂದೇ. ಆದರೆ ಇಂಜಿನ್ನಿಗೆ ಕೂಡುವ ಮುಖದಿಂದ ಪುಲ್ಲಿ ಕೂಡುವ ಚಕ್ರಕಟ್ಟಿನವರೆಗಿನ ಎತ್ತರವನ್ನು ಅಳೆದಾಗ ಮೊದಲ ಹೊಸ ಪಂಪಿನದು ಗೋಧಿಕಾಳಿನ ದಪ್ಪದಷ್ಟು ಹೆಚ್ಚಾಗಿತ್ತು. ಅಷ್ಟರಿಂದಲೇ ಫ್ಯಾನ್ ಬೆಲ್ಟು ಓರೆಯಾಗಿ ಓಡಿ ಅಂಚು ಸವೆದಿತ್ತು. ಎರಡನೆಯ ಪಂಪು ಮೂಲಕ್ಕೆ ಸರಿಹೊಂದುತ್ತಿತ್ತು. ಇಂತಹ ಪಂಪುಗಳಲ್ಲಿ ನೋಡಬೇಕಾದ ಗುರುತುಗಳನ್ನು ಮಿಸ್ತ್ರಿ ಬೆರಳಿಟ್ಟು ತೋರಿಸಿದರು. ಹಳೆಯ ತಲೆಮಾರಿನ ಪಂಪಿನ ಮೈಮೇಲೆ ಗ್ರೀಸು ತುಂಬುವ ಒಂದು ಸ್ಕ್ರೂ ಇರುತ್ತದೆ; ಅನಂತರದವುಗಳಲ್ಲಿ ಬೇರಿಂಗು ಮುಚ್ಚಿದ ಜಾತಿಯದಾದ್ದರಿಂದ ಆ ಸ್ಕ್ರೂ ಇಲ್ಲ. ಹಳೆಯದಕ್ಕೆ ಗ್ರೀಸು ಅತಿಯಾಗಿ ಒತ್ತಿದರೆ ಅದು ಸೀಲಿನೊಳಗೆ ನುಗ್ಗಿ ಕೆಡಿಸುತ್ತದೆ. ಒಳಗಿನ ನೀರು ತಳ್ಳುವ ಚಕ್ರ ಕೆಲವುಗಳಲ್ಲಿ ಎರಕದ್ದು, ಕೆಲವುಗಳಲ್ಲಿ ತಗಡನ್ನು ಒತ್ತಿ ಮಾಡಿದ್ದು. ರೆಕ್ಕೆಗಳ ಸಂಖ್ಯೆಯೂ ಬೇರೆಬೇರೆ. ಹೀಟರಿನ ಕೊಳವೆ ಕೂಡುವ ಬಾಯಿ ಕೆಲವಕ್ಕುಂಟು, ಕೆಲವಕ್ಕಿಲ್ಲ. ಮೈಮೇಲೆ ಉಬ್ಬಿ ನಿಂತ ಅಂಕಿಗಳು ಎರಕದ ಅಚ್ಚಿನ ಸಂಖ್ಯೆಯೇ ಹೊರತು ಅಂಗಡಿಯ ಪಟ್ಟಿಯಲ್ಲಿ ಕಾಣುವ ಬಿಡಿಭಾಗದ ಸಂಖ್ಯೆಯಲ್ಲ. ಒಂದೇ ಅಚ್ಚಿನ ಎರಕವನ್ನು ಬೇರೆಬೇರೆಯಾಗಿ ಕೊರೆದು ಎರಡು ಬಗೆಯ ಪಂಪು ಮಾಡಬಹುದಾದ್ದರಿಂದ ಈ ಭೇದವನ್ನು ಮರೆಯಲಾಗದು.

ಪಂಪಿನ ಕೆಳಭಾಗದಲ್ಲಿ ಒಂದು ಸಣ್ಣ ತೂತಿರುತ್ತದೆ. ಅದು ದೋಷವಲ್ಲ, ಸಾಕ್ಷಿ. ಒಳಗಿನ ಸೀಲು ಸವೆದಾಗ ನೀರು ಬೇರಿಂಗಿಗೆ ಹೋಗದೆ ಈ ತೂತಿನಿಂದ ಹೊರಬಿದ್ದು ಎಚ್ಚರಿಕೆ ಕೊಡಲೆಂದೇ ಅದನ್ನು ಕೊರೆದಿರುತ್ತಾರೆ. ತೊಟ್ಟಿಕ್ಕುವುದನ್ನು ಕಂಡು ಅದಕ್ಕೆ ಮೇಣವನ್ನೋ ಎಂಸೀಲನ್ನೋ ತುಂಬುವವರು ರೋಗಿಯ ಬಾಯಿಯನ್ನು ಮುಚ್ಚಿ ರೋಗ ವಾಸಿಯಾಯಿತೆನ್ನುವವರು.

ಎರಡನೆಯದು ಕಾಗದದ ಗ್ಯಾಸ್ಕೆಟ್ಟು. ಹೊಸ ಪಂಪಿನೊಡನೆ ಬರುವ ಗ್ಯಾಸ್ಕೆಟ್ಟನ್ನು ಮೊದಲು ಪಂಪಿನ ಮುಖದ ಮೇಲೆ, ಆಮೇಲೆ ಇಂಜಿನ್ನಿನ ಮುಖದ ಮೇಲೆ ಇಟ್ಟು ನೋಡಬೇಕು. ಎರಡೂ ಕಡೆ ಬೋಲ್ಟಿನ ತೂತುಗಳೂ ನೀರಿನ ದಾರಿಯೂ ಕೂಡಿದರೆ ಜ್ಞಾತಿತ್ವ ನಿಶ್ಚಯ. ಒಂದು ಕಡೆ ಮಾತ್ರ ಕೂಡಿದರೆ ಅದು ಬೇರೆ ಮನೆಯ ಪಂಪು. ಎರಡು ಕಾಸಿನ ಕಾಗದ ಇಲ್ಲಿ ನ್ಯಾಯಾಧೀಶ.

ಮೂರನೆಯದು ಬೋಲ್ಟುಗಳು. ಬ್ರಿಟಿಷ್ ಮೂಲದ ಇಂಜಿನ್ನಿನ ಬೋಲ್ಟುಗಳು ಇಂಚಿನ ಲೆಕ್ಕದವು. ಫಿಯೆಟ್ ವಂಶದ 1089 ಸಿ.ಸಿ. ಪದ್ಮಿನಿಯದೂ ಜಪಾನಿನ ಇಸುಜುವಿನದೂ ಮಿಲಿಮೀಟರಿನ ಲೆಕ್ಕದವು. 5/16 ಇಂಚು ಎಂದರೆ 7.94 ಮಿಲಿಮೀಟರ್. 8 ಮಿಲಿಮೀಟರಿನ ಬೋಲ್ಟು ಆ ತೂತಿಗೆ ಎರಡು ಮೂರು ಸುತ್ತು ಸಲೀಸಾಗಿ ಇಳಿಯುತ್ತದೆ. ಆಮೇಲೆ ಬಿಗಿಯುತ್ತದೆ, ಏಕೆಂದರೆ ಎಳೆಗಳ ನಡುವಣ ಅಂತರವೇ ಬೇರೆ. ಸರಿಯಾಗಿಯೇ ಬಿಗಿಯಿತೆಂದು ತಿಳಿದು ಪಾನವನ್ನು ಬಲವಾಗಿ ತಿರುಗಿಸಿದರೆ ಎರಕದೊಳಗಿನ ಎಳೆ ಕಿತ್ತುಬರುತ್ತದೆ. ಬೆರಳಿನಿಂದಲೇ ಕೊನೆಯವರೆಗೆ ಇಳಿಯದ ಬೋಲ್ಟು ಆ ತೂತಿನದಲ್ಲ ಎಂಬ ಮಿಸ್ತ್ರಿಯ ಸೂತ್ರ ಯಾವ ಶಾಸ್ತ್ರಗ್ರಂಥದ ಸೂತ್ರಕ್ಕೂ ಕಡಿಮೆಯದಲ್ಲ.

ನಾಲ್ಕನೆಯದು ಥರ್ಮೋಸ್ಟಾಟ್. ನೀರು ಒಂದು ಹದಕ್ಕೆ ಕಾಯುವವರೆಗೆ ರೇಡಿಯೇಟರಿನ ದಾರಿ ಮುಚ್ಚಿ, ಕಾದ ಮೇಲೆ ತೆರೆಯುವ ಬಾಗಿಲು ಇದು. 74, 82, 88 ಮುಂತಾಗಿ ಎಷ್ಟು ಡಿಗ್ರಿಯಲ್ಲಿ ತೆರೆಯಬೇಕೆಂಬ ಅಂಕಿ ಇದರ ಮೈಮೇಲೆ ಕೊರೆದಿರುತ್ತದೆ. ಹಳೆಯ ಬಗೆಯಲ್ಲಿ ಹಿತ್ತಾಳೆಯ ಮಡಿಕೆಮಡಿಕೆಯಾದ ತಿದಿಯೊಳಗೆ ಬೇಗ ಆವಿಯಾಗುವ ದ್ರವವಿರುತ್ತದೆ. ಹೊಸ ಬಗೆಯಲ್ಲಿ ಮೇಣದ ಗುಳಿಗೆ. ತಿದಿ ಒಡೆದರೆ ಬಾಗಿಲು ತೆರೆದೇ ಉಳಿಯುವುದು ವಾಡಿಕೆ. ಮೇಣದ್ದು ಕೆಟ್ಟರೆ ಸಾಮಾನ್ಯವಾಗಿ ಮುಚ್ಚಿಕೊಂಡು ನಿಲ್ಲುತ್ತದೆ. ತಿದಿಯ ಬಗೆ ಸುತ್ತಲ ನೀರಿನ ಒತ್ತಡಕ್ಕೂ ಅಳುಕುತ್ತದೆ; ಆದುದರಿಂದಲೇ ಒತ್ತಡ ಹೆಚ್ಚಿದ ಕಾಲದಲ್ಲಿ ಮೇಣದ ಬಗೆ ಅದರ ಸ್ಥಾನಕ್ಕೆ ಬಂದಿತು. ಇನ್ನು ಕೆಲವು ಇಂಜಿನ್ನುಗಳಲ್ಲಿ ಥರ್ಮೋಸ್ಟಾಟಿನ ಸುತ್ತ ಒಂದು ಲಂಗದಂತಹ ಬಳೆಯಿದ್ದು, ಬಾಗಿಲು ತೆರೆದಾಗ ಅಡ್ಡದಾರಿಯನ್ನು ಮುಚ್ಚುತ್ತದೆ. ಲಂಗವಿಲ್ಲದ್ದನ್ನು ಅಲ್ಲಿ ಕೂಡಿಸಿದರೆ ಕಾದ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತದೆ. ನಮ್ಮದು ಬಿಸಿಲುನಾಡು, ಥರ್ಮೋಸ್ಟಾಟ್ ಬೇಡವೆಂದು ಕಿತ್ತೆಸೆಯುವ ಪದ್ಧತಿ ಅನೇಕ ಕಡೆ ಇದೆ. ಅಂತಹ ಇಂಜಿನ್ನಿನಲ್ಲಿ ಅದರಿಂದ ಬಿಸಿ ಹೆಚ್ಚೀತೇ ಹೊರತು ಕಡಿಮೆಯಾಗದು; ಉಳಿದವುಗಳಲ್ಲಿ ಇಂಜಿನ್ನು ಹದಕ್ಕೆ ಬರುವುದೇ ತಡವಾಗಿ ಒಳಭಾಗ ಬೇಗ ಸವೆಯುತ್ತದೆ. ಮಠದ ಗಾಡಿಯ ಥರ್ಮೋಸ್ಟಾಟನ್ನು ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಉಷ್ಣಮಾಪಕವನ್ನು ಪಕ್ಕದಲ್ಲಿಟ್ಟು ಒಲೆಯ ಮೇಲೆ ಕಾಯಿಸಿದೆವು. ಅದು ತನ್ನ ಅಂಕಿಗೆ ಸರಿಯಾಗಿ ಬಾಯಿ ತೆರೆಯಿತು. ಅದರದೇನೂ ತಪ್ಪಿರಲಿಲ್ಲ.

ಫ್ಯಾನನ್ನೂ ನೋಡಿದೆವು. ಫ್ಯಾನನ್ನು ಹಿಂದುಮುಂದಾಗಿ ಕೂಡಿಸಿದರೂ ಗಾಳಿ ಅದೇ ದಿಕ್ಕಿಗೆ ಬೀಸುತ್ತದೆ. ಆದರೆ ರೆಕ್ಕೆಯ ಬಾಗು ತಿರುವುಮುರುವಾಗುವುದರಿಂದ ಬಲ ಕುಗ್ಗುತ್ತದೆ. ಗಾಳಿ ಬರುತ್ತಿದೆಯಲ್ಲ ಎಂದು ಕೈಯೊಡ್ಡಿ ನೋಡಿದವರಿಗೆ ಈ ದೋಷ ಕಾಣದು. ಇಲ್ಲಿ ಅದೂ ಸರಿಯಾಗಿತ್ತು.

ಉಳಿದದ್ದು ಮುಚ್ಚಳ. ರೇಡಿಯೇಟರಿನ ಮುಚ್ಚಳವನ್ನು ಬರಿಯ ಬಿರಡೆ ಎಂದು ತಿಳಿಯುವುದು ಸಾಮಾನ್ಯ. ಅದು ಒತ್ತಡವನ್ನು ಹಿಡಿದಿಡುವ ವಾಲ್ವು. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. 7 ಪೌಂಡು ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಸಮುದ್ರಮಟ್ಟದಲ್ಲಿ ಆ ಮಿತಿ ಸುಮಾರು 110 ಡಿಗ್ರಿಯವರೆಗೆ ಏರುತ್ತದೆ. ಹಳೆಯ ಗಾಡಿಗಳಲ್ಲಿ 4 ಅಥವಾ 7 ಪೌಂಡು, ಅನಂತರದವುಗಳಲ್ಲಿ 13 ಅಥವಾ 15 ಪೌಂಡು ಇರುವುದುಂಟು. ಅಂಕಿ ಮುಚ್ಚಳದ ಮೇಲೆಯೇ ಅಚ್ಚಾಗಿರುತ್ತದೆ. ಹೆಚ್ಚು ಪೌಂಡಿನದನ್ನು ಹಳೆಯ ರೇಡಿಯೇಟರಿಗೆ ಹಾಕಿದರೆ ಬೆಸುಗೆ ಬಿಡುತ್ತದೆ, ಹೋಸ್ ಪೈಪು ಸೀಳುತ್ತದೆ. ಆದರೆ ಅಂಕಿಯೊಂದೇ ಸಾಲದು. ಮುಚ್ಚಳದ ಮೇಲಿನ ಅಂಚಿನಿಂದ ಕೆಳಗಿನ ರಬ್ಬರಿನವರೆಗಿನ ಉದ್ದದಲ್ಲಿಯೂ ಭೇದವಿದೆ: ಕೆಲವು ಮುಕ್ಕಾಲು ಇಂಚಿನವು, ಕೆಲವು ಒಂದು ಇಂಚಿನವು. ರೇಡಿಯೇಟರಿನ ಕತ್ತು ಆಳವಾಗಿದ್ದು ಮುಚ್ಚಳ ಗಿಡ್ಡದಾದರೆ ಮೇಲೆ ಬಿಗಿಯಾಗಿ ಕೂತಂತೆ ತೋರುತ್ತದೆ. ಒಳಗೆ ರಬ್ಬರು ಪೀಠವನ್ನು ಮುಟ್ಟುವುದೇ ಇಲ್ಲ. ಒತ್ತಡ ನಿಲ್ಲದು, ಕಾದು ಹಿಗ್ಗಿದ ನೀರು ಪಕ್ಕದ ಕೊಳವೆಯಿಂದ ಹೊರಚೆಲ್ಲಿ, ಪ್ರತಿ ಪ್ರಯಾಣದಲ್ಲಿಯೂ ಮಟ್ಟ ಇಳಿಯುತ್ತದೆ.

ಮಿಸ್ತ್ರಿ ರೇಡಿಯೇಟರಿನ ಕತ್ತಿನ ಒಳಪೀಠಕ್ಕೆ ಸೀಮೆಸುಣ್ಣದ ಪುಡಿಯನ್ನು ಸವರಿ, ಹೊಸ ಮುಚ್ಚಳವನ್ನು ಹಾಕಿ ತೆಗೆದರು. ರಬ್ಬರಿನ ಮೇಲೆ ಸುಣ್ಣದ ಗೆರೆ ಬೀಳಲಿಲ್ಲ. ಗಾಡಿಯ ಡಿಕ್ಕಿಯಲ್ಲಿ ಹಿಂದಿನ ಚಾಲಕರು ಬಿಟ್ಟುಹೋದ ತಗಡಿನ ಡಬ್ಬಿಯೊಂದಿತ್ತು. ಮಿಸ್ತ್ರಿ ತೆಗೆದುಹಾಕಿದ ಹಳೆಯ ಮುಚ್ಚಳವೂ ಅದರಲ್ಲೇ ಬಿದ್ದಿತ್ತು. ಅದನ್ನು ಹಾಕಿ ತೆಗೆದಾಗ ಹರಕು ರಬ್ಬರಿನ ಸುತ್ತ ಬಿಳಿಯ ಬಳೆ ಮೂಡಿತು. ಎರಡರ ಉದ್ದ ಅಳೆದರೆ ಕಾಲು ಇಂಚಿನ ವ್ಯತ್ಯಾಸ. ಅಷ್ಟಾದರೂ ಪ್ರಶ್ನೆ ಉಳಿದಿತ್ತು. ಹೊಸ ಮುಚ್ಚಳ ಆ ವರ್ಷದ ಅಂಬಾಸಿಡರಿಗೆ ಸರಿಯಾದದ್ದೇ ಎಂದು ಮಿಸ್ತ್ರಿ ಪ್ರಮಾಣ ಮಾಡಿ ಹೇಳುತ್ತಿದ್ದರು. ಅವರ ಗ್ಯಾರೇಜಿನಲ್ಲಿದ್ದ ಅದೇ ಕಾಲದ ಇನ್ನೊಂದು ಗಾಡಿಗೆ ಅದು ಸರಿಯಾಗಿ ಕೂಡಿತು ಕೂಡ. ಹಾಗಿದ್ದರೆ ಮಠದ ಗಾಡಿಗೇಕೆ ಕೂಡದು?

ಈ ಪ್ರಶ್ನೆಗೆ ಉತ್ತರ ಗ್ಯಾರೇಜಿನಲ್ಲಿರಲಿಲ್ಲ, ಮಠದ ಜಮಾಖರ್ಚಿನ ಪುಸ್ತಕದಲ್ಲಿತ್ತು. ಎರಡು ದಿನ ಹಾಳೆ ತಿರುವಿದ ಮೇಲೆ 1994ರ ವೈಶಾಖದ ಖರ್ಚಿನಲ್ಲಿ ಒಂದು ಸಾಲು ಸಿಕ್ಕಿತು: ಗಾಡಿಯ ರೇಡಿಯೇಟರ್ ತೂತಾದ ಕಾರಣ ಹುಬ್ಬಳ್ಳಿಯ ಗುಜರಿಯಿಂದ ಬೇರೆ ಗಾಡಿಯದು ತಂದು ಹೊಂದಿಸಿ ಕೂಡಿಸಿದ್ದು. ಅಂದಿನ ಚಾಲಕರು ಆ ರೇಡಿಯೇಟರಿಗೆ ತಕ್ಕ ಉದ್ದನೆಯ ಮುಚ್ಚಳವನ್ನೂ ತಂದಿದ್ದರು. ಅವರು ಹೋದ ಮೇಲೆ ಆ ಅರಿವೂ ಹೋಯಿತು. ಬೇರೆ ಕಟ್ಟಿನ ಗರಿಯೊಂದು ಸೇರಿಕೊಂಡದ್ದು ಇಲ್ಲಿಯೇ. ಮಿಸ್ತ್ರಿ ಗಾಡಿಯ ವರ್ಷವನ್ನು ನೋಡಿ ಸರಿಯಾದ ಮುಚ್ಚಳವನ್ನೇ ತಂದಿದ್ದರು. ಮುಚ್ಚಳ ಸರಿಯಿದ್ದು ರೇಡಿಯೇಟರು ಪರಕೀಯವಾಗಿತ್ತು.

ಸಭೆಯಲ್ಲಿ ನಾವು ದೀರ್ಘವಾಗಿ ಮಾತನಾಡಲಿಲ್ಲ. ಮೂರು ಪಂಪು, ಎರಡು ಮುಚ್ಚಳ, ಒಂದು ಖಾತೆಯ ಪುಸ್ತಕ ಇವನ್ನು ಮುಂದಿಟ್ಟು, ಅಳತೆಪಟ್ಟಿಯನ್ನು ಅಧ್ಯಕ್ಷರ ಕೈಗೇ ಕೊಟ್ಟೆವು. ಅವರು ಅಳೆದರು, ಪಕ್ಕದವರಿಗೆ ಕೊಟ್ಟರು, ಅವರೂ ಅಳೆದರು. ಮೊದಲ ಪಂಪು ಹೊಂದದ್ದು ಅಂಗಡಿಯ ಡಬ್ಬಿಯ ಮೇಲಿನ ಹೆಸರನ್ನು ನಂಬಿ ತಂದದ್ದು, ಅದಕ್ಕೆ ಮಿಸ್ತ್ರಿ ಬದಲಿ ತಂದು ಕೂಡಿಸಿದ್ದಾರೆ. ಕುದಿಯುವುದಕ್ಕೆ ಕಾರಣ ಇಪ್ಪತ್ತೈದು ವರ್ಷಕ್ಕೂ ಹಿಂದಿನದು ಎಂಬುದು ಎಲ್ಲರಿಗೂ ಮನವರಿಕೆಯಾಯಿತು. ಕೂಲಿ ಅಂದೇ ಸಂದಾಯವಾಯಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲವಲ್ಲ! ಆ ಮಿಸ್ತ್ರಿ ಹಣವನ್ನು ಕಣ್ಣಿಗೊತ್ತಿಕೊಂಡು, ಅದರಲ್ಲಿ ಒಂದು ಭಾಗವನ್ನು ದಾಸೋಹದ ಪೆಟ್ಟಿಗೆಗೆ ಹಾಕಿ, ಯಾರೊಡನೆಯೂ ಮಾತನಾಡದೆ ಹೊರಟುಹೋದರು. ಉದ್ದನೆಯ ಮುಚ್ಚಳ ಕೂಡಿಸಿದ ಮೇಲೆ ಗಾಡಿ ಸ್ಮರಣೋತ್ಸವದ ಮೂರು ದಿನವೂ ಕುದಿಯದೆ ಓಡಿತು. ಅದನ್ನು ಕಂಡು ಸಂತೋಷಪಟ್ಟವರೆಲ್ಲರೂ ಅವರ ಮನೆಯವರೆಗೆ ಹೋಗಿ ಬಂದಿದ್ದರೆ ಉತ್ಸವಕ್ಕೆ ಇನ್ನೂ ಶೋಭೆ ಬರುತ್ತಿತ್ತು.

ಫ. ಗು. ಹಳಕಟ್ಟಿಯವರು ವಚನಗಳ ಕಟ್ಟುಗಳನ್ನು ಮನೆಮನೆಗೆ ಹೋಗಿ ಸಂಗ್ರಹಿಸಿ, ಪ್ರತಿಗಳನ್ನು ಹೋಲಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಆ ಕಟ್ಟುಗಳನ್ನು ಜಂತಿಯ ಮೇಲೆ ಜೋಪಾನವಾಗಿ ಇರಿಸಿದ ಮನೆಯವರ ಪುಣ್ಯವೂ ಅದರಲ್ಲಿ ಸಮಪಾಲು. ಮಿಸ್ತ್ರಿಗಳ ತಿಳಿವಳಿಕೆಗೆ ಅಂತಹ ಕಟ್ಟಿಲ್ಲ. ಅದು ಬೆರಳಿನ ತುದಿಯಲ್ಲಿದೆ. ಬೆರಳು ನಿಂತಾಗ ಅದೂ ನಿಲ್ಲುತ್ತದೆ. ಈ ಗಾಡಿಗಳನ್ನು ಬಿಚ್ಚಿ ಕೂಡಿಸಬಲ್ಲವರು ಈಗ ಊರಿಗೆ ಒಬ್ಬರೋ ಇಬ್ಬರೋ ಉಳಿದಿದ್ದಾರೆ. ಅವರ ಮಕ್ಕಳು ಕಂಪ್ಯೂಟರ್ ಜೋಡಿಸಿ ದೋಷ ಹುಡುಕುವ ಹೊಸ ಗಾಡಿಗಳ ಕೆಲಸಕ್ಕೆ ಹೋಗಿದ್ದಾರೆ, ಅದು ಸಹಜವೇ.

ಆದುದರಿಂದ ಹಳೆಯ ಗಾಡಿಯನ್ನು ಉಳಿಸಿಕೊಂಡಿರುವ ಮನೆಯವರಲ್ಲಿ ನಮ್ಮ ವಿನಂತಿ ಇಷ್ಟು. ಗಾಡಿಗೆ ಒಂದು ವಹಿ ಇರಲಿ; ಯಾವ ಭಾಗ ಎಂದು ಬದಲಾಯಿತು, ಎಲ್ಲಿಂದ ಬಂತು ಎಂಬುದನ್ನು ತೇದಿಯೊಡನೆ ಬರೆಯಿರಿ. ಇಂಜಿನ್ನಿನ ಸಂಖ್ಯೆಯನ್ನು ಅದರ ಮೊದಲ ಪುಟದಲ್ಲಿ ನಮೂದಿಸಿರಿ. ತೆಗೆದ ಹಳೆಯ ಭಾಗವನ್ನು ಹೊಸದು ಸಾವಿರ ಮೈಲು ಓಡುವವರೆಗೆ ಎಸೆಯಬೇಡಿ. ಚೀಟಿ ಕಟ್ಟಿ ಡಬ್ಬಿಯಲ್ಲಿ ಇಡಿ. ಅಂಗಡಿಗೆ ಹೆಸರನ್ನು ಒಯ್ಯಬೇಡಿ, ಹಳೆಯ ಭಾಗವನ್ನೇ ಒಯ್ಯಿರಿ, ಪಕ್ಕದಲ್ಲಿಟ್ಟು ಅಳೆಯಿರಿ. ಗಡಸು ನೀರಿನ ಬಾವಿಯದನ್ನು ರೇಡಿಯೇಟರಿಗೆ ತುಂಬಬೇಡಿ. ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಯ ಚಕ್ಕೆಯೇ ಅದರ ಸಣ್ಣ ಕೊಳವೆಗಳಲ್ಲಿಯೂ ಕಟ್ಟುತ್ತದೆ. ಇಂಜಿನ್ನು ಬಿಸಿಯಾಗಿರುವಾಗ ಮುಚ್ಚಳವನ್ನು ತೆರೆಯಲು ಮಕ್ಕಳನ್ನಂತೂ ಎಂದಿಗೂ ಬಿಡಬೇಡಿ. ಒತ್ತಡದಲ್ಲಿದ್ದ ನೀರು ತೆರೆದ ಕ್ಷಣವೇ ಆವಿಯಾಗಿ ಚಿಮ್ಮಿ ಮುಖ, ಕಣ್ಣುಗಳನ್ನು ಸುಡುತ್ತದೆ. ಅರ್ಧ ಗಂಟೆಗೂ ಮೀರಿ ತಣಿಯಲು ಬಿಟ್ಟು, ದಪ್ಪ ಬಟ್ಟೆ ಹಾಕಿ, ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ, ಉಸಿರು ಹೋದ ಮೇಲೆ ಪೂರ್ತಿ ತೆಗೆಯಬೇಕು.

ಕೊನೆಯದಾಗಿ, ನಿಮ್ಮ ಊರಿನಲ್ಲಿ ಹಳೆಯ ಮಿಸ್ತ್ರಿಯೊಬ್ಬರು ಇದ್ದರೆ ಒಂದು ಸಂಜೆ ಮನೆಯ ಓದಿದ ಮಕ್ಕಳನ್ನು ಕರೆದುಕೊಂಡು ಅವರ ಗ್ಯಾರೇಜಿಗೆ ಹೋಗಿರಿ. ಅವರು ಹೇಳುವುದನ್ನು ಮಕ್ಕಳು ಬರೆದುಕೊಳ್ಳಲಿ. ಒಂದು ಪಂಪಿನಿಂದ ಇನ್ನೊಂದನ್ನು ಅವರು ಹೇಗೆ ಬೇರ್ಪಡಿಸುತ್ತಾರೆಂಬುದು ಅಚ್ಚಾಗಲು ಯೋಗ್ಯವಾದ ವಿದ್ಯೆ. ಅಂತಹ ಬರೆಹ ನಮ್ಮ ಕೈಸೇರಿದರೆ ಅದನ್ನು ಹಸ್ತಪ್ರತಿಯಷ್ಟೇ ಗೌರವದಿಂದ ಓದುತ್ತೇವೆ.